ಡೆಸ್ಕ್‌ಟಾಪ್‌ಗೆ ಹೊಸ ರ‍್ಯಾಮ್ ಹಾಕುವವರಿಗೆ: ಮೊದಲು ಟಾಸ್ಕ್ ಮ್ಯಾನೇಜರ್, ಆಮೇಲೆ ಸ್ಕ್ರೂಡ್ರೈವರ್

ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಸಾಕು, ಕಂಪ್ಯೂಟರ್ ಏದುಸಿರು ಬಿಡುತ್ತದೆ. ಯಾರನ್ನು ಕೇಳಿದರೂ ಒಂದೇ ಮಾತು, ರ‍್ಯಾಮ್ ಹಾಕಿಸು. ಇರಬಹುದು, ಆದರೆ ದುಡ್ಡು ಬಿಚ್ಚುವ ಮುಂಚೆ ಒಂದ್ಸಲ ನೀವೇ ನೋಡಿ. ಸಿಸ್ಟಮ್ ತೆವಳುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ, ಅಂದರೆ ರ‍್ಯಾಮ್. ಅದು ಯಾವಾಗಲೂ ಶೇ. 85-90 ತುಂಬಿಕೊಂಡೇ ಇದ್ದರೆ ರ‍್ಯಾಮ್ ಬೇಕು. ಮೆಮೊರಿ ಅರ್ಧವೂ ತುಂಬಿಲ್ಲ, ಹಾರ್ಡ್‌ಡಿಸ್ಕ್ ಮಾತ್ರ ಶೇ. 100ರಲ್ಲೇ ಕೂತಿದೆ ಅಂದರೆ ನಿಮಗೆ ಬೇಕಿರುವುದು ಹಾರ್ಡ್‌ಡಿಸ್ಕಿನ ಜಾಗಕ್ಕೆ ಅದಕ್ಕಿಂತ ವೇಗದ ಎಸ್‌ಎಸ್‌ಡಿ, ರ‍್ಯಾಮ್ ಅಲ್ಲ. ಇನ್ನೊಂದು, ವಿಂಡೋಸ್ 32 ಬಿಟ್‌ನದಾದರೆ 4 ಜಿಬಿಗಿಂತ ಜಾಸ್ತಿ ಹಾಕಿಯೂ ಉಪಯೋಗವಿಲ್ಲ.

ಬೇಕು ಅಂತಾದರೆ, ಯಾವುದು? ಇಲ್ಲೇ ಜನ ಎಡವುವುದು. ರ‍್ಯಾಮಿನಲ್ಲಿ ಡಿಡಿಆರ್3, ಡಿಡಿಆರ್4, ಡಿಡಿಆರ್5 ಅಂತ ತಲೆಮಾರುಗಳಿವೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಕೆಳಗಿನ ಕಚ್ಚು ಮೂರರಲ್ಲೂ ಬೇರೆ ಬೇರೆ ಕಡೆ ಇರುತ್ತದೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್, ಆದರೂ ಹೊಂದುವುದಿಲ್ಲ. ಪ್ರೊಸೆಸರ್ ಹೆಸರು ಹೇಳಿದರೆ ಸಾಲದು. ಇಂಟೆಲ್ 12ನೇ ಜನರೇಷನ್ ಡಿಡಿಆರ್4, ಡಿಡಿಆರ್5 ಎರಡರ ಜೊತೆಗೂ ಕೆಲಸ ಮಾಡುತ್ತದೆ, ನಿಮ್ಮ ಮದರ್‌ಬೋರ್ಡ್ ಯಾವುದನ್ನು ತೆಗೆದುಕೊಳ್ಳುತ್ತದೆ ಎನ್ನುವುದೇ ಲೆಕ್ಕ. ಸಿಪಿಯು-ಝಡ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಬೋರ್ಡಿನ ಮಾಡೆಲ್, ರ‍್ಯಾಮಿನ ಜಾತಿ ಎಲ್ಲಾ ಸಿಗುತ್ತದೆ. ಆ ಮಾಡೆಲ್ ಹಿಡಿದು ಕಂಪನಿಯ ಸೈಟಿನಲ್ಲಿ ಗರಿಷ್ಠ ಎಷ್ಟು ಜಿಬಿ ಹಾಕಬಹುದು ಅಂತ ನೋಡಿ.

ಟಾಸ್ಕ್ ಮ್ಯಾನೇಜರ್‌ನ ಅದೇ ಮೆಮೊರಿ ಪುಟದಲ್ಲಿ ರ‍್ಯಾಮ್ ಕೂರಿಸುವ ಎಷ್ಟು ಸ್ಲಾಟ್ ಖಾಲಿ ಇದೆ ಅನ್ನುವುದೂ ಇರುತ್ತದೆ. ಡೆಸ್ಕ್‌ಟಾಪ್‌ಗೆ ಉದ್ದನೆಯ ರ‍್ಯಾಮ್ ಪಟ್ಟಿ ಡಿಮ್, ಲ್ಯಾಪ್‌ಟಾಪ್‌ಗೆ ಗಿಡ್ಡ ಸೋಡಿಮ್. ಆದರೆ ಅಂಗೈಯಗಲದ ಮಿನಿ ಪಿಸಿ, ಆಲ್ ಇನ್ ಒನ್ ಇವುಗಳಲ್ಲಿ ಸಾಮಾನ್ಯವಾಗಿ ಸೋಡಿಮ್ಮೇ ಇರುತ್ತದೆ, ಆರ್ಡರ್ ಹಾಕುವಾಗ ಹುಷಾರು. ಕಂಪ್ಯೂಟರ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ತರುವವರು ಹಳೇ ರ‍್ಯಾಮಿನ ಸ್ಟಿಕ್ಕರ್‌ನ ಫೋಟೋ ತೆಗೆದುಕೊಂಡು ಹೋಗಿ, ಬಿಲ್ಲು ಕೇಳಿ ಪಡೆಯಿರಿ. ಬೇರೆ ಬೇರೆ ವೇಗದ್ದು ಜೊತೆಗೆ ಹಾಕಿದರೆ ಸಾಮಾನ್ಯವಾಗಿ ಎಲ್ಲವೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ, ಕೆಲವೊಮ್ಮೆ ಒಂದಕ್ಕೊಂದು ಹೊಂದುವುದೂ ಇಲ್ಲ. ಹಾಗಾಗಿ ಆದಷ್ಟು ಒಂದೇ ಥರದ್ದು ತನ್ನಿ.

ಇನ್ನು ಬಿಚ್ಚೋಣ. ಶಟ್‌ಡೌನ್ ಮಾಡಿ, ಸ್ಲೀಪ್ ಅಲ್ಲ. ಯುಪಿಎಸ್ ಇದ್ದರೆ ಅದರಿಂದಲೂ ವೈರ್ ಕಿತ್ತುಬಿಡಿ. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಅರ್ಥಿಂಗ್ ಇರಲಿ ಅಂತ ಪ್ಲಗ್ ಹಾಕಿಯೇ ಬಿಡಿ ಎನ್ನುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ, ನಮ್ಮ ಎಷ್ಟೋ ಮನೆಗಳಲ್ಲಿ ಮೂರನೇ ತೂತು ಹೆಸರಿಗೆ ಮಾತ್ರ ಇರುತ್ತದೆ. ಕಿತ್ತಿಟ್ಟೇ ಕೆಲಸ ಮಾಡಿ.

ಒಳಗೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ, ಅದರೊಳಗೆ ಪ್ಲಗ್ ತೆಗೆದ ಮೇಲೂ ಅಪಾಯ ಇರುತ್ತದೆ.

ಒಣ ಹವೆಯಲ್ಲಿ ಉಣ್ಣೆ ಸ್ವೆಟರ್ ಬಿಚ್ಚುವಾಗ ಚಟಚಟ ಅನ್ನುತ್ತದಲ್ಲ, ಅದೇ ಸ್ಟ್ಯಾಟಿಕ್. ನಿಮಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿ ಕೂಡ ಚಿಪ್ಪನ್ನು ಕೆಡಿಸಬಹುದು. ರ‍್ಯಾಮ್ ಮುಟ್ಟುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ನಡುನಡುವೆಯೂ ಮುಟ್ಟುತ್ತಿರಿ. ಕಾರ್ಪೆಟ್ ಮೇಲೆ ಕೂರಬೇಡಿ. ರ‍್ಯಾಮನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಪಿನ್‌ಗಳಿಗೆ ಬೆರಳು ತಾಗಿಸಬೇಡಿ.

ಸ್ಲಾಟಿನ ಕ್ಲಿಪ್ ಹೊರಕ್ಕೆ ತಳ್ಳಿ. ಕೆಲವು ಬೋರ್ಡಿನಲ್ಲಿ ಒಂದೇ ಬದಿಗೆ ಕ್ಲಿಪ್ ಇರುತ್ತದೆ, ಇನ್ನೊಂದು ಬದಿಯನ್ನು ಎಳೆದು ಮುರಿಯಬೇಡಿ! ನಾಲ್ಕು ಸ್ಲಾಟ್ ಇದ್ದು ಎರಡೇ ರ‍್ಯಾಮ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು, ಆಗ ಡ್ಯುಯಲ್ ಚಾನೆಲ್ ಸಿಗುತ್ತದೆ, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡಿ ವೇಗ ಹೆಚ್ಚುತ್ತದೆ. ಮ್ಯಾನುಯಲ್ ಬೇರೆ ಹೇಳಿದರೆ ಅದನ್ನೇ ಕೇಳಿ. ಕಚ್ಚು ಹೊಂದಿಸಿ, ಎರಡೂ ಹೆಬ್ಬೆರಳಿನಿಂದ ಎರಡೂ ತುದಿಯನ್ನು ನೇರ ಕೆಳಕ್ಕೆ ಒತ್ತಿ. ನೀವಂದುಕೊಂಡಿದ್ದಕ್ಕಿಂತ ಜಾಸ್ತಿ ಬಲ ಬೇಕು. ಟಕ್ ಅಂತ ಕ್ಲಿಪ್ ತಾನೇ ಮುಚ್ಚಿಕೊಳ್ಳಬೇಕು. ಮೊದಲ ಸಲ ನಾನು ಬೋರ್ಡ್ ಮುರಿದೀತು ಅಂತ ಹೆದರಿ ಮೆಲ್ಲಗೆ ಒತ್ತಿದ್ದೆ, ಒಂದು ತುದಿ ಕೂತೇ ಇರಲಿಲ್ಲ. ಆನ್ ಮಾಡಿದರೆ ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು, ನನ್ನ ಮುಖವೂ ಅಷ್ಟೇ.

ನಿಮಗೂ ಹಾಗಾದರೆ ಗಾಬರಿ ಬೇಡ. ವೈರ್ ಕಿತ್ತು, ರ‍್ಯಾಮ್ ತೆಗೆದು ಮತ್ತೆ ಕೂರಿಸಿ. ಆಗಲೂ ಬರದಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಡಿಡಿಆರ್5 ಆದರೆ ಮೊದಲ ಸಲ ಆನ್ ಆಗಲು ಕೆಲವು ನಿಮಿಷವೇ ಹಿಡಿಯಬಹುದು, ಕಾಯಿರಿ.

ವಿಂಡೋಸ್ ಬಂದ ಮೇಲೆ ಜಿಬಿ ಸರಿಯಿದೆಯಾ ನೋಡಿ. 3200 ವೇಗದ್ದು ಅಂತ ಕೊಂಡದ್ದು 2133 ತೋರಿಸಿದರೆ ಅಂಗಡಿಯವರನ್ನು ಬೈಯಬೇಡಿ, ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಬೋರ್ಡಿನ ಸೆಟ್ಟಿಂಗ್) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆ, ಆನ್ ಮಾಡಬೇಕಾಗಬಹುದು, ಬೋರ್ಡಿಗೆ ಆ ಆಯ್ಕೆ ಇದ್ದರೆ. ರಾತ್ರಿ ಮಲಗುವಾಗ ರ‍್ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್ ಮೆಮ್‌ಟೆಸ್ಟ್86 ಓಡಿಸಿ ಬಿಡಿ. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೆ ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಮತ್ತೊಮ್ಮೆ ಓಡಿಸಿ. ಆಗಲೂ ಎರರ್ ಬಂದರೆ ವಾಪಸ್ ಕೊಡಿ. ಅಲ್ಲಿಯವರೆಗೆ ಬಿಲ್ಲು, ಡಬ್ಬ ಎಸೆಯಬೇಡಿ, ಹಳೇ ರ‍್ಯಾಮನ್ನೂ ಯಾರಿಗೂ ಕೊಡಬೇಡಿ.