ಹಳೆಯ ಗೋಡೆಗೆ ಹೊಸ ಮಹಡಿ: ವಸತಿ ಕಟ್ಟಡದಲ್ಲಿ ಎರಡು ಕಾಲಗಳನ್ನು ಕೂಡಿಸುವ ಬಗೆ

ನಗರದಲ್ಲಿ ಹಳೆಯ ಕಟ್ಟಡವೊಂದನ್ನು ಉಳಿಸಿಕೊಂಡು, ಅದರ ಮೇಲೋ ಪಕ್ಕದಲ್ಲೋ ಒಳಗೋ ಹೊಸ ಮನೆಗಳನ್ನು ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಚರ್ಚಿಸುವುದು ನೋಟದ ವಿಷಯವನ್ನು. ಹೊಸ ಭಾಗ ಹಳೆಯದರಂತೆಯೇ ಕಾಣಬೇಕೇ, ಬೇರೆಯಾಗಿ ಕಾಣಬೇಕೇ ಎಂಬ ಪ್ರಶ್ನೆ ಮುಖ್ಯವಾದದ್ದೇ, ಆದರೆ ಅದು ಮೊದಲ ಪ್ರಶ್ನೆಯಲ್ಲ. ಎರಡೂ ಭಾಗಗಳು ಒಂದನ್ನೊಂದು ಮುಟ್ಟುವ ಸಂದಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ, ನೋಟವೂ ಸೇರಿದಂತೆ ಉಳಿದ ಬಹಳಷ್ಟು ವಿಷಯಗಳು ಅಲ್ಲಿಂದಲೇ ಬಗೆಹರಿಯುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಕ್ಷೆ ಬರೆಯುವ ಮೊದಲು ಹಳೆಯ ಕಟ್ಟಡವನ್ನು ಓದಬೇಕು. ಯಾವ ಗೋಡೆ ಭಾರ ಹೊರುತ್ತಿದೆ, ಯಾವುದು ಕೇವಲ ಅಡ್ಡಗೋಡೆ ಎಂಬುದನ್ನು ಚಾವಣಿಯ ಜಂತೆಗಳು ಹೇಳುತ್ತವೆ. ಜಂತೆಗಳ ತುದಿಗಳು ಕೂತಿರುವ ಗೋಡೆಗಳೇ ಭಾರದ ಗೋಡೆಗಳು. ಹಳೆಯ ಇಟ್ಟಿಗೆ ಕಟ್ಟಡಗಳಲ್ಲಿ ಗೋಡೆಯ ದಪ್ಪ ಮೇಲಕ್ಕೆ ಹೋದಂತೆ ಕಡಿಮೆಯಾಗುವುದರಿಂದ, ಪ್ರತಿಯೊಂದು ಮಹಡಿಯಲ್ಲೂ ಅದನ್ನು ಬೇರೆಯಾಗಿಯೇ ಅಳೆಯಬೇಕು. ತಳಪಾಯದ ಆಳ ಮತ್ತು ಅಗಲ ತಿಳಿಯಲು ಗೋಡೆಯ ಬುಡದಲ್ಲಿ ಒಂದೆರಡು ಕಡೆ ಗುಂಡಿ ತೋಡಿ ಕಣ್ಣಾರೆ ನೋಡುವುದಕ್ಕಿಂತ ಉತ್ತಮ ದಾರಿ ಇಲ್ಲ. ಬಿರುಕುಗಳಿದ್ದರೆ ಅವುಗಳನ್ನು ಕೂಡಲೇ ಮುಚ್ಚಿಬಿಡಬಾರದು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ, ಅದರ ಪಕ್ಕದಲ್ಲಿ ದಿನಾಂಕ ಬರೆದು, ಸಾಧ್ಯವಾದರೆ ಎಲ್ಲ ಋತುಗಳೂ ಒಮ್ಮೆ ಕಳೆಯುವವರೆಗೆ ಕಾಯಬೇಕು. ಗಾಜು ಒಡೆದರೆ ಕಟ್ಟಡ ಇನ್ನೂ ಚಲಿಸುತ್ತಿದೆ ಎಂದರ್ಥ, ಅಂಥದ್ದರ ಮೇಲೆ ಮಹಡಿ ಏರಿಸುವ ಮಾತನ್ನು ಎಂಜಿನಿಯರರ ಪರಿಶೀಲನೆ ಮುಗಿಯುವವರೆಗೆ ಎತ್ತಬಾರದು.

ಮುಂದಿನದು ತೂಕದ ಲೆಕ್ಕ. 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಸ್ಲ್ಯಾಬಿನ ಒಂದು ಚದರ ಮೀಟರ್ ಸುಮಾರು 375 ಕಿಲೋ ತೂಗುತ್ತದೆ. ಹಾಗಾಗಿ 100 ಚದರ ಮೀಟರಿನ ಒಂದೇ ಒಂದು ಮನೆಗೆ ಸ್ಲ್ಯಾಬೇ 37 ಟನ್ನಿಗೂ ಮೀರುತ್ತದೆ. ಗೋಡೆ, ನೆಲಹಾಸು, ಜನ, ಸಾಮಾನು ಎಲ್ಲವೂ ಅದರ ಮೇಲಿನ ಲೆಕ್ಕ. ಅಷ್ಟೇ ದಪ್ಪದ ಮರದ ಹಲಗೆಗಳ ನೆಲ ಇದರ ಐದನೇ ಒಂದು ಭಾಗದಷ್ಟು ಮಾತ್ರ ತೂಗುತ್ತದೆ. ಹಳೆಯ ಕಟ್ಟಡದ ತಲೆಯ ಮೇಲೆ ಏರಿಸುವ ಮಹಡಿಗಳಿಗೆ ಮರ ಅಥವಾ ಹಗುರ ಉಕ್ಕನ್ನು ಆರಿಸಿಕೊಳ್ಳುವುದು ಈ ಕಾರಣಕ್ಕಾಗಿಯೇ. ಹಗುರವಾದರೂ ಹಳೆಯ ಗೋಡೆ ತಾಳದು ಎಂದಾದರೆ, ಹೊಸ ಕಾಲಂಗಳನ್ನು ತಮ್ಮದೇ ತಳಪಾಯದ ಮೇಲೆ ನಿಲ್ಲಿಸಿ, ಹಳೆಯದನ್ನು ಅದರ ಪಾಡಿಗೆ ಬಿಡಬೇಕು.

ಹಳೆಯ ರಚನೆಯ ಸ್ವಭಾವವೇ ಕೆಲವೊಮ್ಮೆ ವಿನ್ಯಾಸವನ್ನು ಹೇಳಿಕೊಡುತ್ತದೆ. ಕೋಪನ್‌ಹೇಗನ್‌ನಲ್ಲಿ ಎರಡು ಹಳೆಯ ಬೀಜದ ಸೈಲೋಗಳನ್ನು, ಅಂದರೆ ಬೀಜ ತುಂಬಿಡುವ ಗೋಪುರಗಳನ್ನು, ಎಂವಿಆರ್‌ಡಿವಿ ಸಂಸ್ಥೆಯ ವಾಸ್ತುಶಿಲ್ಪಿಗಳು 2005ರಲ್ಲಿ ವಸತಿ ಕಟ್ಟಡವನ್ನಾಗಿ ಮಾರ್ಪಡಿಸಿದರು. ಆ ದುಂಡನೆಯ ಕಾಂಕ್ರೀಟ್ ಗೋಡೆಗಳಲ್ಲಿ ಹೆಚ್ಚು ಕಿಟಕಿಗಳನ್ನು ಕೊರೆದರೆ ರಚನೆಯೇ ದುರ್ಬಲವಾಗುತ್ತಿತ್ತು. ಆದ್ದರಿಂದ ಅವರು ಮನೆಗಳನ್ನು ಸೈಲೋಗಳ ಹೊರಮೈಗೆ ತೂಗುಹಾಕಿದರು, ಒಳಗಿನ ಟೊಳ್ಳನ್ನು ಮೆಟ್ಟಿಲು, ಲಿಫ್ಟ್ ಮತ್ತು ಓಡಾಟಕ್ಕೆ ಬಿಟ್ಟರು. ನಿವಾಸಿಗಳಿಗೆ ಸುತ್ತಲಿನ ನೋಟವೂ ದಕ್ಕಿತು, ಹಳೆಯ ಗೋಡೆಯ ಬಲವೂ ಉಳಿಯಿತು.

ಈಗ ಸಂದಿನ ವಿಷಯಕ್ಕೆ ಬರೋಣ. ಹಳೆಯ ಕಟ್ಟಡ ಹತ್ತಾರು ವರ್ಷಗಳಲ್ಲಿ ತನ್ನ ಭಾರಕ್ಕೆ ಮಣ್ಣಿನಲ್ಲಿ ಎಷ್ಟು ಕೂರಬೇಕೋ ಅಷ್ಟು ಕೂತಿರುತ್ತದೆ, ಪಕ್ಕದಲ್ಲಿ ಎದ್ದ ಹೊಸದು ಆಗಷ್ಟೇ ಕೂರಲು ಆರಂಭಿಸುತ್ತದೆ. ಎರಡನ್ನೂ ಬಿಗಿಯಾಗಿ ಕಟ್ಟಿಹಾಕಿದರೆ ಹೊಸದು ಕೂರುವಾಗ ಹಳೆಯದನ್ನೂ ತನ್ನೊಡನೆ ಎಳೆಯುತ್ತದೆ. ಬಿಸಿಲಿನ ಪರಿಣಾಮವೂ ಇದೆ: 10 ಮೀಟರ್ ಉದ್ದದ ಉಕ್ಕಿನ ತೊಲೆ 30 ಡಿಗ್ರಿ ತಾಪಮಾನ ಏರಿದಾಗ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ, ಇಟ್ಟಿಗೆ ಗೋಡೆ ಅದರ ಅರ್ಧದಷ್ಟು ಮಾತ್ರ. ಆದ್ದರಿಂದ ಎರಡರ ನಡುವೆ ತಳಪಾಯದಿಂದ ತಾರಸಿಯವರೆಗೆ ಒಂದೇ ಗೆರೆಯಲ್ಲಿ ಸಾಗುವ ತೆರವು ಬಿಡಬೇಕು. ಅದರ ಅಗಲವನ್ನು ಕಟ್ಟಡದ ಎತ್ತರ, ಮಣ್ಣು ಮತ್ತು ಭೂಕಂಪದ ಸಾಧ್ಯತೆಯನ್ನು ನೋಡಿ ಎಂಜಿನಿಯರ್ ನಿರ್ಧರಿಸಬೇಕು. ತೆರವಿನೊಳಗೆ ಬಿದ್ದ ಗಾರೆಯ ಉಂಡೆಯನ್ನೂ ಇಟ್ಟಿಗೆಯ ಚೂರನ್ನೂ ಅಂದಂದೇ ತೆಗೆಸಬೇಕು, ಏಕೆಂದರೆ ಒಂದು ಗಟ್ಟಿ ಚೂರು ಸಿಕ್ಕಿಕೊಂಡರೂ ಆ ಬಿಂದುವಿನಲ್ಲಿ ಎರಡು ಗೋಡೆಗಳೂ ಒಂದನ್ನೊಂದು ಒತ್ತುತ್ತವೆ. ಮೇಲ್ಗಡೆ ಮಳೆನೀರು ಇಳಿಯದಂತೆ ಹೊದಿಸುವ ಲೋಹದ ತಗಡನ್ನು ಒಂದು ಬದಿಗೆ ಮಾತ್ರ ಬಿಗಿದು, ಇನ್ನೊಂದು ಬದಿಯಲ್ಲಿ ಜಾರಲು ಬಿಡಬೇಕು. ಸಂದನ್ನು ದಾಟುವ ನೀರಿನ ಕೊಳವೆಗೆ ಬಾಗುವ ಜೋಡಣೆ ಬೇಕು. ಕೆಲಸದ ಸ್ಥಳದಲ್ಲಿ ಇವುಗಳ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ, ಸೋರಿಕೆ ಶುರುವಾಗುವುದು ಮಾತ್ರ ಇಲ್ಲಿಂದಲೇ.

ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಯಬಾರದು ಎಂಬ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ. ಹಳೆಯ ಗೋಡೆ ನೆಲದಿಂದಲೂ ಮಳೆಯಿಂದಲೂ ತೇವವನ್ನು ಹೀರಿ, ಮತ್ತೆ ಗಾಳಿಗೆ ಬಿಡುತ್ತಾ ಬದುಕಿರುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚಿಬಿಡುತ್ತದೆ. ನಾನು ಒಮ್ಮೆ ಅಂಥ ಗೋಡೆಯೊಂದನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋದಾಗ ಸೊಂಟದ ಎತ್ತರದವರೆಗೆ ಟೊಳ್ಳು ಸದ್ದು ಬಂತು. ಪ್ಲಾಸ್ಟರಿನ ಒಂದು ತುಂಡನ್ನು ಎಬ್ಬಿಸಿದಾಗ ಹಿಂದಿನ ಇಟ್ಟಿಗೆಯ ಮೈ ಬಿಳಿಯ ಉಪ್ಪಿನ ಹುಡಿಯೊಡನೆ ಕೈಗೇ ಉದುರಿತು. ನೋಡಿ ನಿಜಕ್ಕೂ ಸಂಕಟವಾಯಿತು, ಏಕೆಂದರೆ ಸುಣ್ಣದ ಗಾರೆಯನ್ನೇ ಬಳಿದಿದ್ದರೆ ಆ ಇಟ್ಟಿಗೆಗೆ ಏನೂ ಆಗುತ್ತಿರಲಿಲ್ಲ. ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೆದುವಾಗಿರಬೇಕು. ಆಗ ಬಿರುಕು ಬಿಟ್ಟರೂ ಅದು ಗಾರೆಯ ಗೆರೆಯಲ್ಲೇ ಬಿಡುತ್ತದೆ, ಅದನ್ನು ಕೆರೆದು ಮತ್ತೆ ತುಂಬಬಹುದು.

ಮಹಡಿಗಳ ಮಟ್ಟ ಹೊಂದದಿರುವುದು ಸಾಮಾನ್ಯ ತೊಡಕು. ಹಳೆಯ ಕಟ್ಟಡದ ಮಹಡಿ ನಾಲ್ಕು ಮೀಟರ್ ಎತ್ತರವಿದ್ದು ಹೊಸದರದ್ದು ಮೂರೇ ಇದ್ದರೆ, ಎರಡರ ನಡುವೆ ಮೆಟ್ಟಿಲಿನ ಗೋಪುರವನ್ನು ಇಟ್ಟು, ಮೆಟ್ಟಿಲುಗಳ ನಡುವಿನ ಸಮತಟ್ಟಾದ ಜಾಗಗಳಲ್ಲಿ ಒಂದು ಹಳೆಯ ನೆಲಕ್ಕೂ ಮುಂದಿನದು ಹೊಸ ನೆಲಕ್ಕೂ ತೆರೆಯುವಂತೆ ಮಾಡಬಹುದು. ಎರಡು ಬದಿಗೂ ಬಾಗಿಲಿರುವ ಲಿಫ್ಟ್ ಇಲ್ಲಿ ಅತ್ಯುಪಯುಕ್ತ. ಅಡುಗೆಮನೆ, ಬಚ್ಚಲುಗಳನ್ನು ಆದಷ್ಟೂ ಹೊಸ ಭಾಗದಲ್ಲಿ ಒಂದರ ಮೇಲೊಂದು ಬರುವಂತೆ ಜೋಡಿಸಿದರೆ, ಹಳೆಯ ಗೋಡೆಗಳನ್ನು ಕೊಳವೆಗಾಗಿ ಕೊರೆಯುವ ಅಗತ್ಯವೇ ಬಹಳ ಮಟ್ಟಿಗೆ ತಪ್ಪುತ್ತದೆ.

ನೋಟದ ಪ್ರಶ್ನೆಗೆ ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಸೂತ್ರಗಳಾದ 1964ರ ವೆನಿಸ್ ಸನ್ನದು ಒಂದು ನೆಲೆ ಒದಗಿಸುತ್ತದೆ: ಕಳೆದುಹೋದ ಭಾಗದ ಬದಲಿಗೆ ಹೊಸದಾಗಿ ಸೇರಿಸಿದ್ದು ಒಟ್ಟಿನೊಡನೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆ ಎಂದು ಗುರುತು ಸಿಗುವಂತಿರಬೇಕು. ಅದು ಸ್ಮಾರಕಗಳಿಗಾಗಿ ಬರೆದದ್ದಾದರೂ ವಸತಿ ಕಟ್ಟಡಕ್ಕೂ ಒಪ್ಪುತ್ತದೆ. ಹಳೆಯ ಕಿಟಕಿಯ ಅಗಲ ಮತ್ತು ಎತ್ತರದ ಅನುಪಾತ, ಕಿಟಕಿಗಳ ನಡುವಿನ ಅಂತರ, ಗೋಡೆಯಲ್ಲಿ ಓಡುವ ಅಡ್ಡಪಟ್ಟಿಯ ಎತ್ತರ, ಇವುಗಳನ್ನು ಹೊಸ ಭಾಗ ಪಾಲಿಸಲಿ. ಕಮಾನು, ಕುಸುರಿಗಳನ್ನು ನಕಲು ಮಾಡುವುದು ಬೇಡ. ಮುಂಗೋಡೆಯನ್ನಷ್ಟೇ ಉಳಿಸಿ ಹಿಂದಿನದನ್ನೆಲ್ಲ ಕೆಡವುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಹಳೆಯ ಮನೆಯ ಎತ್ತರದ ಕೋಣೆ, ಅಂಗಳದ ಬೆಳಕು, ಗಾಳಿಯ ಓಟ ಯಾವುದೂ ಅದರಲ್ಲಿ ಉಳಿಯುವುದಿಲ್ಲ.

ಹಳೆಯದು ಎಂದರೆ ಶತಮಾನ ದಾಟಿದ್ದೇ ಆಗಬೇಕಿಲ್ಲ. ಫ್ರಾನ್ಸಿನ ಬೋರ್ಡೋ ನಗರದಲ್ಲಿ 1960ರ ದಶಕದ ಮೂರು ಬೃಹತ್ ವಸತಿ ಕಟ್ಟಡಗಳ 530 ಮನೆಗಳಿಗೆ ಲಕಾತೊಂ ಮತ್ತು ವಾಸಾಲ್ ತಮ್ಮ ಸಹವಾಸ್ತುಶಿಲ್ಪಿಗಳೊಡನೆ ಹೊರಬದಿಯಲ್ಲಿ ಗಾಜಿನ ಪಡಸಾಲೆ ಮತ್ತು ಬಾಲ್ಕನಿಗಳ ಹೊಸ ಪದರವನ್ನು ಸೇರಿಸಿದರು. ನಿವಾಸಿಗಳು ಮನೆ ಖಾಲಿ ಮಾಡದೆಯೇ ಕೆಲಸ ಮುಗಿಯಿತು, ಯೋಜನೆಗೆ 2019ರಲ್ಲಿ ಯುರೋಪಿನ ಮೀಸ್ ವಾನ್ ಡೆರ್ ರೋಹೆ ಪ್ರಶಸ್ತಿ ಸಂದಿತು.

ಕೆಲಸ ಮುಗಿದ ಮೇಲೆ ನಿವಾಸಿಗಳ ಸಂಘಕ್ಕೆ ಬೀಗದ ಕೈಗಳ ಜೊತೆಗೆ ಒಂದು ನಕ್ಷೆಯನ್ನೂ ಕೊಡಬೇಕು. ಭಾರದ ಗೋಡೆಗಳನ್ನು ಒಂದು ಬಣ್ಣದಲ್ಲೂ, ಸಂದಿನ ಗೆರೆಯನ್ನು ಇನ್ನೊಂದು ಬಣ್ಣದಲ್ಲೂ ತೋರಿಸಿ, ಯಾವ ಗೋಡೆಗೆ ಯಾವ ಗಾರೆ ಬಳಸಿದೆ ಎಂದು ಬರೆದು, ಅದರ ಒಂದು ಪ್ರತಿಯನ್ನು ಲಿಫ್ಟಿನ ಪಕ್ಕದ ಗೋಡೆಗೆ ಹಾಕಿಸಬೇಕು. ಹತ್ತು ವರ್ಷಗಳ ನಂತರ ಯಾರೋ ಅಡುಗೆಮನೆಯನ್ನು ದೊಡ್ಡದು ಮಾಡಲು ಡ್ರಿಲ್ ಹಿಡಿದು ಬಂದಾಗ, ಆ ಗೋಡೆಯನ್ನು ಮುಟ್ಟಬಹುದೇ ಎಂಬುದು ಅವರಿಗೆ ಅಲ್ಲೇ ತಿಳಿಯಬೇಕು.