ಮೈನಸ್ ಒಂಬತ್ತಕ್ಕೆ ಮಕ್ಕಳ ಫ್ರೇಮ್

ಬೆಳಿಗ್ಗೆ ಎದ್ದ ಕೂಡಲೇ ನನ್ನ ಕೈ ತಡಕಾಡುವುದು ಕನ್ನಡಕಕ್ಕೆ. ಅದು ದಿಂಬಿನ ಪಕ್ಕ ಸಿಗದಿದ್ದರೆ ಹುಡುಕುವುದಕ್ಕೂ ಕನ್ನಡಕವೇ ಬೇಕು. ಎರಡೂ ಕಣ್ಣಿಗೆ ಮೈನಸ್ ಒಂಬತ್ತು. ಬರಿಗಣ್ಣಿನಲ್ಲಿ ಅಕ್ಷರ ಸ್ಪಷ್ಟವಾಗಿ ಕಾಣಬೇಕಾದರೆ ಪುಸ್ತಕವನ್ನು ಹನ್ನೊಂದು ಸೆಂಟಿಮೀಟರ್ ಹತ್ತಿರಕ್ಕೆ ತರಬೇಕು. ಇಂಥ ಕಣ್ಣಿಟ್ಟುಕೊಂಡು ತುಮಕೂರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಶಾಲೆಯಲ್ಲಿ ಸೋಡಾಬುಡ್ಡಿ ಎಂಬ ಹೆಸರಿತ್ತು. ಈಗಲೂ ಹಳೆಯ ಸ್ನೇಹಿತರಿಗೆ ನಾನು ಬುಡ್ಡಿಯೇ.

ಹೋದ ವರ್ಷ ಕನ್ನಡಕದ ಕಡ್ಡಿ ಮುರಿಯಿತು. ಗಾಜಿನ ಮೇಲೆ ಗೀರುಗಳೂ ತುಂಬಿದ್ದವು. ಥಳಥಳಿಸುವ ಒಂದು ಅಂಗಡಿಗೆ ಹೋದೆ. ನನ್ನ ಚೀಟಿ ನೋಡಿದ ಹುಡುಗ, ‘ಸರ್, ನಿಮ್ಮ ಪವರ್‌ಗೆ 1.74 ಗ್ಲಾಸೇ ಆಗಬೇಕು, ಇಲ್ಲದಿದ್ದರೆ ತುಂಬಾ ದಪ್ಪ ಬರುತ್ತದೆ’ ಎಂದ. ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಂಕಿ ಅದು; ಅಂಕಿ ಹೆಚ್ಚಿದಷ್ಟೂ ಗಾಜು ತೆಳು. ಫ್ರೇಮ್ ಸೇರಿ ಹದಿನಾರು ಸಾವಿರದ ಐನೂರು. ನೀರು ಕುಡಿದು ಹೊರಬಂದೆ.

ಮೊಬೈಲಿನಲ್ಲಿ ತರಿಸಿದರೆ ಅಗ್ಗ ಎಂದು ಯಾರೋ ಹೇಳಿದರು. ಎರಡು ಕಣ್ಣುಗಳ ಪಾಪೆಗಳ ನಡುವಿನ ಅಂತರ, ಅಂಗಡಿಯವರು ಪಿ.ಡಿ. ಎನ್ನುವುದು, ಎಷ್ಟು ಎಂದು ಅಲ್ಲಿ ಕೇಳಿದ್ದರು. ಕನ್ನಡಿಯ ಮುಂದೆ ಸ್ಕೇಲ್ ಹಿಡಿದು ನಾನೇ ಅಳೆದು 66 ಮಿಲಿಮೀಟರ್ ಎಂದು ತುಂಬಿದೆ. ಕನ್ನಡಕ ಇಲ್ಲದೆ ಸ್ಕೇಲಿನ ಗೆರೆ ಕಾಣುವುದಿಲ್ಲ, ಹಾಕಿಕೊಂಡರೆ ಸ್ಕೇಲ್ ಹುಬ್ಬಿಗೆ ತಾಗುವುದಿಲ್ಲ. ಆ ಅಳತೆಯ ಮೇಲೆ ನಂಬಿಕೆ ಇಟ್ಟವನು ನಾನೇ. ಬಂದ ಕನ್ನಡಕ ಹಾಕಿಕೊಂಡು ಎರಡು ಪುಟ ತಿದ್ದುವಷ್ಟರಲ್ಲಿ ಹುಬ್ಬಿನ ಹಿಂದೆ ನೋವು ಶುರುವಾಯಿತು. ಮೈನಸ್ ಒಂದೋ ಎರಡೋ ಇದ್ದವರಿಗೆ ನಾಲ್ಕು ಮಿಲಿಮೀಟರ್ ತಪ್ಪು ಗೊತ್ತಾಗದೆಯೂ ಹೋಗಬಹುದು. ಒಂಬತ್ತಕ್ಕೆ ಹಾಗಲ್ಲ. ಗಾಜಿನ ಕೇಂದ್ರ ಪಾಪೆಯ ನೇರಕ್ಕೆ ಇಲ್ಲದಿದ್ದರೆ ಗಾಜು ಪಟ್ಟಕದಂತೆ ಬೆಳಕನ್ನು ಪಕ್ಕಕ್ಕೆ ಬಾಗಿಸುತ್ತದೆ. ಪವರ್ ಹೆಚ್ಚಿದಷ್ಟೂ ಬಾಗುವುದೂ ಹೆಚ್ಚು. ಎರಡು ಚಿತ್ರಗಳನ್ನು ಒಂದು ಮಾಡಲು ಕಣ್ಣುಗಳು ದಿನವಿಡೀ ಎಳೆದಾಡುತ್ತವೆ. ಎರಡು ಸಾವಿರ ರೂಪಾಯಿ ನೀರುಪಾಲಾಯಿತು.

ಆಮೇಲೆ ಕ್ರಮವಾಗಿ ಹೊರಟೆ. ಮೊದಲು ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ. ಇದು ಸರ್ಕಾರಿ ಆಸ್ಪತ್ರೆ, ಕೆ.ಆರ್. ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರ. ಅಂಗಡಿಯಲ್ಲಿ ಪುಕ್ಕಟೆ ಪರೀಕ್ಷೆ ಮಾಡುತ್ತಾರೆ, ನಿಜ. ಆದರೆ ಅಲ್ಲಿ ನೋಡುವುದು ನಂಬರನ್ನು ಮಾತ್ರ. ಮೈನಸ್ ಆರು ದಾಟಿದವರ ಕಣ್ಣುಗುಡ್ಡೆ ಉದ್ದವಾಗಿ, ಒಳಗೆ ಚಿತ್ರ ಮೂಡುವ ಪದರ, ರೆಟಿನಾ, ತೆಳುವಾಗಿರುತ್ತದೆ. ಅದು ಹರಿಯುವ ಅಪಾಯ ಬೇರೆಯವರಿಗಿಂತ ಹೆಚ್ಚು. ಹಾಗಾಗಿ ಹನಿ ಹಾಕಿಸಿಕೊಂಡು ಪಾಪೆ ಹಿಗ್ಗಿಸಿ ಒಳಗೆ ನೋಡಿಸಬೇಕು. ಕಣ್ಣಿನ ಮುಂದೆ ಇದ್ದಕ್ಕಿದ್ದಂತೆ ಮಿಂಚು ಕಂಡರೆ, ಕಪ್ಪು ಚುಕ್ಕೆಗಳು ಹರಿದಾಡಿದರೆ ಕನ್ನಡಕದಂಗಡಿಗೆ ಅಲ್ಲ, ಅದೇ ದಿನ ಆಸ್ಪತ್ರೆಗೆ ಓಡಬೇಕು.

ಪರೀಕ್ಷೆ ಮಾಡಿದ ಮೇಡಂ ಅವರನ್ನು ಕೇಳಿ ಪಿ.ಡಿ.ಯನ್ನೂ ಚೀಟಿಯಲ್ಲಿ ಬರೆಸಿಕೊಂಡೆ: 62. ಕೇಳದಿದ್ದರೆ ಸಾಮಾನ್ಯವಾಗಿ ಬರೆಯುವುದಿಲ್ಲ. ಹನಿ ಹಾಕಿದ ದಿನವೇ ಫ್ರೇಮ್ ಆರಿಸೋಣ ಎಂದು ಚಿಕ್ಕಪೇಟೆಯ ಕಡೆ ಹೊರಟದ್ದು ಮಾತ್ರ ನನ್ನ ಪೆದ್ದುತನ. ಬಿಸಿಲಿಗೆ ಕಣ್ಣು ಬಿಡಲಾಗದೆ, ಒಂದು ಕೈಗಾಡಿಗೆ ಡಿಕ್ಕಿ ಹೊಡೆದು, ಬಂದ ದಾರಿಯಲ್ಲೇ ತುಮಕೂರಿಗೆ ಮರಳಿದೆ.

ಮುಂದಿನ ಭಾನುವಾರದ ಹೊತ್ತಿಗೆ ಕಾಗದದ ಮೇಲೆ ಸ್ವಲ್ಪ ಲೆಕ್ಕ ಹಾಕಿದ್ದೆ. ಮೈನಸ್ ಗಾಜು ನಡುವೆ ತೆಳು, ಅಂಚಿನಲ್ಲಿ ದಪ್ಪ. ಕೇಂದ್ರದಿಂದ ದೂರ ಹೋದಂತೆ ದಪ್ಪ ಆ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಫ್ರೇಮಿನ ಕಡ್ಡಿಯ ಒಳಬದಿಯಲ್ಲಿ 54-18 ಎಂದು ಬರೆದಿದ್ದರೆ ಗಾಜಿನ ಅಗಲ 54, ಮೂಗಿನ ಸೇತುವೆ 18. ಎರಡನ್ನೂ ಕೂಡಿದರೆ 72. ನನ್ನ ಪಿ.ಡಿ. 62. ಅಂದರೆ ಒಂದೊಂದು ಗಾಜಿನ ಕೇಂದ್ರವನ್ನೂ ಐದು ಮಿಲಿಮೀಟರ್ ಒಳಕ್ಕೆ ಸರಿಸಬೇಕು, ಕಿವಿಯ ಕಡೆಯ ಅಂಚು ಅಷ್ಟೂ ಊದಿಕೊಳ್ಳುತ್ತದೆ. ಆ ಫ್ರೇಮಿಗೆ ಅತಿ ದುಬಾರಿಯಾದ 1.74 ಗಾಜು ಹಾಕಿಸಿದರೂ ಅಂಚು ಸುಮಾರು ಏಳೂವರೆ ಮಿಲಿಮೀಟರ್. ಅದೇ 44-20ರ ಫ್ರೇಮಿಗೆ ಎಲ್ಲಕ್ಕಿಂತ ಅಗ್ಗದ 1.50 ಹಾಕಿಸಿದರೆ ಆರೂವರೆಯ ಆಸುಪಾಸು! ನನಗಂತೂ ಎರಡು ಸಲ ಲೆಕ್ಕ ತಿದ್ದಿ ನೋಡಬೇಕೆನ್ನಿಸಿತು. ಈ ಚಿಕ್ಕ ಫ್ರೇಮಿನಲ್ಲಿ 1.61ಕ್ಕೂ 1.74ಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ.

ಚಿಕ್ಕಪೇಟೆಯ ಗಲ್ಲಿಯೊಂದರ ಅಂಗಡಿಯಲ್ಲಿ 44-20 ಕೇಳಿದಾಗ ಹಿರಿಯ ಯಜಮಾನರು ಕನ್ನಡಕದ ಮೇಲಿನಿಂದ ನೋಡಿದರು. ‘ಮಗುವನ್ನು ಕರೆದುಕೊಂಡು ಬಂದಿಲ್ಲವೇ?’

‘ನನಗೇ, ಯಜಮಾನರೇ.’

ನಕ್ಕು ಎರಡು ಡಬ್ಬ ಇಳಿಸಿದರು. ಮಕ್ಕಳ ಫ್ರೇಮುಗಳು ಬಹುಪಾಲು ನನ್ನ ಕೆನ್ನೆಗೆ ಒತ್ತಿದವು, ಕಡ್ಡಿ ಕಿವಿಯವರೆಗೆ ಮುಟ್ಟಲಿಲ್ಲ. ಕೊನೆಗೆ ಸಿಕ್ಕದ್ದು 45-20, ದುಂಡಗಿನದು, ಕಡ್ಡಿ 140, ಸ್ವಲ್ಪ ದಪ್ಪ ಅಂಚಿನ ಪ್ಲಾಸ್ಟಿಕ್. ಬೆಲೆ 350 ರೂಪಾಯಿ. ಆರಿಸುವಾಗ ಕನ್ನಡಿಯಲ್ಲಿ ನನ್ನ ಮುಖವೇ ನನಗೆ ಕಾಣುವುದಿಲ್ಲವಾದ್ದರಿಂದ, ಒಂದೊಂದು ಫ್ರೇಮ್ ಹಾಕಿಕೊಂಡಾಗಲೂ ಅಂಗಡಿಯ ಹುಡುಗನಿಂದ ಮೊಬೈಲಿನಲ್ಲಿ ಫೋಟೊ ತೆಗೆಸಿ, ಹಳೆಯ ಕನ್ನಡಕ ಹಾಕಿ ನೋಡಿದೆ.

ಗಾಜಿಗೆ 1.61 ಎಂದೆ. ಯಜಮಾನರು 1.67 ಇನ್ನೂ ತೆಳು ಎಂದರು. ಆದರೆ 1.67ರಲ್ಲಿ, ಹಾಗೆಯೇ ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನಲ್ಲಿ, ಗಾಜಿನ ಅಂಚಿನಿಂದ ನೋಡಿದರೆ ಕಪ್ಪು ಅಕ್ಷರದ ಪಕ್ಕ ನೀಲಿ, ಹಳದಿ ಬಣ್ಣ ಇಣುಕುವುದು ಹೆಚ್ಚು. ದೀರ್ಘಕ್ಕೂ ಕೊಂಬಿಗೂ ದಿನವಿಡೀ ಕಣ್ಣು ಕೀಲಿಸುವ ನನಗೆ ಅದು ಬೇಡವಾಗಿತ್ತು. ನೀಲಿ ಬೆಳಕು ತಡೆಯುವ ಲೇಪನವನ್ನೂ ಬೇಡವೆಂದೆ; ಪ್ರತಿಫಲನ ತಡೆಯುವ ಲೇಪನ ಮಾತ್ರ ಹಾಕಿಸಿದೆ. ಇಷ್ಟು ಪವರಿಗೆ ಅದಿಲ್ಲದಿದ್ದರೆ ಅಂಚಿನಲ್ಲಿ ಬಳೆಬಳೆಯಾಗಿ ಗೆರೆಗಳು ಎದ್ದು ಕಾಣುತ್ತವೆ. ಗಾಜಿಗೆ 2,100. ಬಿಲ್ಲನ್ನೂ ಕೇಳಿ ಪಡೆದೆ. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿದೋಷದ ಕನ್ನಡಕಕ್ಕೆ ಜಿಎಸ್‌ಟಿ ಶೇ 5 ಮಾತ್ರ.

ಇದೆಲ್ಲ ನನ್ನಂಥ ಪವರಿನವರ ಪಾಡು. ಅಮ್ಮನಿಗೆ ಓದಲು ಬೇಕಾದದ್ದು ಪ್ಲಸ್ ಎರಡರ ಚಾಳೀಸು. ಅದು ನಮ್ಮ ಊರಿನ ಉಚಿತ ಶಿಬಿರದಲ್ಲೇ ಸಿಕ್ಕಿತು. ಸರ್ಕಾರದ ‘ಆಶಾಕಿರಣ’ ಯೋಜನೆಯಲ್ಲೂ ಉಚಿತ ಕನ್ನಡಕ ಕೊಡುತ್ತಾರೆ. ಕೈಯಲ್ಲಿ ದುಡ್ಡಿಲ್ಲದವರು ಆಶಾ ಕಾರ್ಯಕರ್ತೆಯರನ್ನೋ ತಾಲ್ಲೂಕು ಆಸ್ಪತ್ರೆಯನ್ನೋ ಮೊದಲು ವಿಚಾರಿಸುವುದು ಒಳ್ಳೆಯದು.

ವಾರ ಬಿಟ್ಟು ಕನ್ನಡಕ ತರಲು ಹೋದಾಗ, ಲೆನ್ಸ್ ಅಳೆಯುವ ಯಂತ್ರದಲ್ಲಿ ನನ್ನ ಕಣ್ಣೆದುರೇ ಇಟ್ಟು ತೋರಿಸಿ ಎಂದು ಕೇಳಿಕೊಂಡೆ. ಯಜಮಾನರು ಬೇಸರಿಸಲಿಲ್ಲ. ಎರಡೂ ಒಂಬತ್ತು, ಕೇಂದ್ರಗಳ ಅಂತರ 62. ಮೂಗಿನ ಮೇಲೆ ಇಟ್ಟುಕೊಂಡು ಗಲ್ಲಿಯ ಆಚೆಗಿದ್ದ ಬಟ್ಟೆಯಂಗಡಿಯ ಫಲಕ ಓದಿದೆ. ‘ಸೀರೆಗಳು’ ಎಂಬುದರಲ್ಲಿ ದೀರ್ಘ ಬಿಟ್ಟುಹೋಗಿತ್ತು.