ಎರಡನೇ ತರಗತಿಯಲ್ಲಿ ಈ ತಿಂಗಳು: ಒತ್ತಕ್ಷರ ಮತ್ತು ಹತ್ತರ ಕಟ್ಟು

ಕಾಸರಗೋಡಿನ ಕನ್ನಡ ಮಾಧ್ಯಮದ ಎರಡನೇ ತರಗತಿಯಲ್ಲಿ ಜೂನ್ ತಿಂಗಳು ಕಾಗುಣಿತವನ್ನು ಮತ್ತೆ ನೆನಪಿಗೆ ತರುವುದರಲ್ಲೇ ಮುಗಿಯುತ್ತದೆ. ಜುಲೈಗೆಂದು ನಾನು ಇಟ್ಟುಕೊಳ್ಳುವ ದೊಡ್ಡ ಪಾಠಗಳು ಎರಡೇ: ಭಾಷೆಯಲ್ಲಿ ಒತ್ತಕ್ಷರ, ಗಣಿತದಲ್ಲಿ 99ರ ವರೆಗೆ ಹತ್ತು ಮತ್ತು ಬಿಡಿ. ಮಳೆಗೆ ಕಲೆಕ್ಟರ್ ರಜೆ ಸಾರುವ ದಿನಗಳೂ ಇದೇ ತಿಂಗಳಲ್ಲಿ ಬರುತ್ತವೆ. ಹಾಗಾಗಿ ನಾಲ್ಕು ವಾರದ ಪಾಠವನ್ನು ಮೂರು ವಾರಕ್ಕೆ ಹೊಂದಿಸಿಕೊಂಡೇ ಶುರುಮಾಡುತ್ತೇನೆ.

ಒತ್ತಕ್ಷರದ ಪಾಠ ಕರಿಹಲಗೆಯಿಂದಲ್ಲ, ಕಿವಿಯಿಂದ ಶುರುವಾಗಬೇಕು. ನಮ್ಮಲ್ಲಿ ಒಂದೇ ಬೆಂಚಿನಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ, ಹವ್ಯಕ ಮಾತಾಡುವ ಮಕ್ಕಳು ಕೂತಿರುತ್ತಾರೆ. ಬೆಕ್ಕಿನ ಚಿತ್ರ ತೋರಿಸಿ ‘ನಿಮ್ಮ ಮನೆಯಲ್ಲಿ ಇದಕ್ಕೆ ಏನು ಹೇಳುತ್ತಾರೆ?’ ಎಂದು ಕೇಳಿದರೆ ತುಳುವಿನ ಮಗು ‘ಪುಚ್ಚೆ’ ಅನ್ನುತ್ತದೆ, ಮಲಯಾಳದ ಮಗು ‘ಪೂಚ್ಚ’ ಅನ್ನುತ್ತದೆ. ಒತ್ತಿ ಹೇಳುವ ಸದ್ದು ಎರಡು ಬಾಯಲ್ಲೂ ಆಗಲೇ ಇದೆ, ಅದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಆ ಸದ್ದಿಗೆ ಕನ್ನಡ ಬರವಣಿಗೆಯಲ್ಲಿ ಜಾಗ ಎಲ್ಲಿ ಎಂದು ತೋರಿಸಿದರೆ ಸಾಕು.

ಮೊದಲ ಮೂರು ದಿನ ಬರೆಯುವ ಕೆಲಸವೇ ಇಲ್ಲ. ಜೋಡಿ ಪದಗಳನ್ನು ಹೇಳಿಸುತ್ತೇನೆ: ಕತೆ–ಕತ್ತೆ, ಬಳಿ–ಬಳ್ಳಿ, ಹಳಿ–ಹಳ್ಳಿ, ಎಲೆ–ಎಲ್ಲೆ. ‘ಕ–ತೆ’ಗೆ ಎರಡು ಚಪ್ಪಾಳೆ. ‘ಕತ್ತೆ’ಗೆ ‘ಕತ್’ ಎನ್ನುವಾಗ ಮುಷ್ಟಿ ಬಿಗಿಯಬೇಕು, ‘ತೆ’ ಎನ್ನುವಾಗ ಬಿಡಬೇಕು. ಮುಷ್ಟಿ ಬಿಗಿದ ಜಾಗದಲ್ಲೇ ಒತ್ತು ಬರುವುದು. ಪುಚ್ಚೆ, ಪೂಚ್ಚ, ಬೆಕ್ಕು ಮೂರಕ್ಕೂ ಮುಷ್ಟಿ ಒಂದೇ ಜಾಗದಲ್ಲಿ ಬಿಗಿಯುತ್ತದೆ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

ಬರೆಸುವಾಗ ಪದಗಳ ಸರದಿ ಮುಖ್ಯ. ಕ, ಗ, ಚ, ಜ, ಟ, ಡ, ಣ, ಪ, ಬ, ಳ ಇವುಗಳ ಒತ್ತು ಹೆಚ್ಚುಕಡಿಮೆ ತಲೆಕಟ್ಟಿಲ್ಲದ ಅದೇ ಅಕ್ಷರ. ಇವು ಮೊದಲ ವಾರಕ್ಕೆ. ತ, ನ, ಮ, ಯ, ರ, ಲ ಇವುಗಳ ಒತ್ತಿನ ರೂಪವೇ ಬೇರೆ, ನೋಡಿ ಊಹಿಸಲು ಬರುವುದಿಲ್ಲ. ಇವು ಎರಡನೇ ವಾರಕ್ಕೆ. ಹೀಗಾಗಿ ‘ಅಮ್ಮ’ ಎಲ್ಲರಿಗೂ ಗೊತ್ತಿರುವ ಪದವಾದರೂ ಅದರ ಒತ್ತನ್ನು ಬಿಡಿಸುವುದು ಎರಡನೇ ವಾರದಲ್ಲಿ.

ಅಪ್ಪ–ಅಮ್ಮನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ‘ಅಪ್ಪ’ ಎಂಬ ಪದಕ್ಕೆ ಚಿತ್ರ ಹೊಂದಿಸಲು ಕೊಟ್ಟರೆ ತುಳು ಮನೆಯ ಮಗು ತಾಯಿಯ ಚಿತ್ರಕ್ಕೆ ಗೆರೆ ಎಳೆಯಬಹುದು. ಅದಕ್ಕೆ ಓದಲು ಬರುವುದಿಲ್ಲ ಎಂದು ತಿಳಿಯಬೇಡಿ. ಮಗು ಸರಿಯಾಗಿ ಓದಿದೆ, ಅರ್ಥವನ್ನು ಮನೆಯಿಂದ ತಂದಿದೆ. ತಪ್ಪು ಹಾಕದೆ ಎರಡು ಭಾಷೆಯ ಪದಗಳನ್ನೂ ಅಕ್ಕಪಕ್ಕ ಬರೆದು ತೋರಿಸಬೇಕು.

ಮಕ್ಕಳು ಹೆಚ್ಚು ಎಡವುವುದು ಸ್ವರಚಿಹ್ನೆಯಲ್ಲಿ. ‘ಹಕ್ಕಿ’ಯನ್ನು ‘ಹಕಿಕ’ ಎಂದು ಓದುತ್ತಾರೆ. ಕಣ್ಣು ಮೊದಲು ಮೇಲಿನ ‘ಕಿ’ಯನ್ನು ಕಾಣುತ್ತದೆ, ಆಮೇಲೆ ಕೆಳಗಿನ ಒತ್ತನ್ನು. ಬಾಯಿಗೆ ಮಾತ್ರ ‘ಇ’ ಒತ್ತಿನ ನಂತರ ಬರಬೇಕು. ಇದಕ್ಕೆ ನಾನು ಎರಡು ಬಣ್ಣದ ಸೀಮೆಸುಣ್ಣ ಬಳಸುತ್ತೇನೆ. ಮೇಲಿನ ವ್ಯಂಜನ ನೀಲಿ. ಒತ್ತು ಮತ್ತು ಸ್ವರಚಿಹ್ನೆ ಎರಡೂ ಕೆಂಪು. ನೀಲಿಯನ್ನು ಅರ್ಧ ಹೇಳಿ ನಿಲ್ಲಿಸು, ಕೆಂಪನ್ನು ಒಟ್ಟಿಗೆ ಹೇಳು ಎಂಬುದು ನಿಯಮ. ಗುಡಿಸು (‘ಇ’ಯ ಚಿಹ್ನೆ) ಅಕ್ಷರದ ತಲೆಯೊಂದಿಗೆ ಬೆಸೆದುಕೊಂಡಿರುವುದರಿಂದ ಬಣ್ಣ ಬೇರ್ಪಡಿಸುವುದು ಕಷ್ಟ. ಕೊಂಬು (‘ಉ’ವಿನ ಚಿಹ್ನೆ) ಬಲಕ್ಕೆ ಬಿಡಿಯಾಗಿ ಕಾಣುತ್ತದೆ. ಆದ್ದರಿಂದ ಮೊದಲು ಹಗ್ಗ, ಅಕ್ಕ. ಆಮೇಲೆ ಬೆಕ್ಕು, ಕಣ್ಣು, ಮಣ್ಣು. ಕೊನೆಗೆ ಹಕ್ಕಿ, ಬಳ್ಳಿ, ಎಣ್ಣೆ.

ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡುಗಳಿಂದ ಮಲಯಾಳ ಲಿಪಿಯೂ ಈ ಮಕ್ಕಳ ಕಣ್ಣಿಗೆ ಬಿದ್ದಿರುತ್ತದೆ. ಅದರಲ್ಲಿ ‘ಕೆ’ಯ ಎಕಾರದ ಚಿಹ್ನೆ ಅಕ್ಷರದ ಎಡಕ್ಕೆ ಬರುತ್ತದೆ, ಕ್ಕ, ತ್ತ, ಣ್ಣ ಪಕ್ಕಪಕ್ಕ ಬೆಸೆದುಕೊಳ್ಳುತ್ತವೆ. ಒತ್ತನ್ನು ಅಕ್ಷರದ ಕೆಳಗಲ್ಲದೆ ಬಲಕ್ಕೆ ಇಡುವ ಮಗುವಿಗೆ ಎರಡು ಲಿಪಿಯನ್ನೂ ಒಟ್ಟಿಗೆ ತೋರಿಸಿದರೆ ಬೇಗ ತಿಳಿಯುತ್ತದೆ. ಕಾಪಿಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಬರೆಸಿ. ಇಲ್ಲವಾದರೆ ಒತ್ತು ಕೆಳಗಿನ ಸಾಲಿನ ಅಕ್ಷರದ ತಲೆಗೆ ತಾಗಿ, ತಾನು ಬರೆದದ್ದು ಮಗುವಿಗೇ ಓದಲು ಬರುವುದಿಲ್ಲ.

ಶುಕ್ರವಾರದ ಉಕ್ತಲೇಖನಕ್ಕೆ ಹತ್ತು ಪದ. ಅದರಲ್ಲಿ ಐದಕ್ಕೆ ಮಾತ್ರ ಒತ್ತು. ಹತ್ತಕ್ಕೂ ಒತ್ತು ಇದ್ದರೆ ಮಕ್ಕಳು ಕೇಳುವುದನ್ನು ಬಿಟ್ಟು ಎಲ್ಲ ಅಕ್ಷರಕ್ಕೂ ಒತ್ತು ಹಾಕುತ್ತಾ ಹೋಗುತ್ತಾರೆ.

ಗಣಿತಕ್ಕೆ ಬೇಕಾದ ಸಾಮಾನು ಹಿಡಿಸೂಡಿಯ (ತೆಂಗಿನ ಗರಿಯ ಪೊರಕೆಯ) ಕಡ್ಡಿ. ಬುಡದ ದಪ್ಪ ಭಾಗವನ್ನು 10 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಚೂಪಾದ ತುದಿ ಬಿಸಾಡಿ. ನಾಲ್ಕು ಮಕ್ಕಳ ಗುಂಪಿಗೆ 99 ಕಡ್ಡಿ, ಒಂಬತ್ತು ರಬ್ಬರ್ ಬ್ಯಾಂಡ್. ಮಳೆಗಾಲದಲ್ಲಿ ಕಡ್ಡಿಗೆ ಬೂಸ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿಸಿ ಮುಚ್ಚಳದ ಡಬ್ಬದಲ್ಲಿಡಬೇಕು. ಕಡ್ಡಿಯ ಬದಲು ಎಣಿಸಲು ಬೀಜ ಕೊಡಬೇಡಿ, ಸಣ್ಣ ಬೀಜಗಳು ಮೂಗು, ಕಿವಿಗೆ ಹೋಗುತ್ತವೆ. ಗುಲಗಂಜಿಯಂತೂ ವಿಷ, ಅದನ್ನು ತರಗತಿಗೆ ತರಲೇಬಾರದು.

ರಟ್ಟಿನ ಮೇಲೆ ಎರಡು ಮನೆ: ಎಡಕ್ಕೆ ಹತ್ತು, ಬಲಕ್ಕೆ ಬಿಡಿ. ಬಿಡಿಯ ಮನೆಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಕಡ್ಡಿ ಇರಬಾರದು. ಹತ್ತಾದ ಕೂಡಲೇ ಕಟ್ಟಿ ಎಡಕ್ಕೆ. ಕಟ್ಟುವ ಕೆಲಸ ಮಕ್ಕಳೇ ಮಾಡಬೇಕು. ನಾವು ಮೊದಲೇ ಕಟ್ಟಿಕೊಟ್ಟರೆ ಕಟ್ಟಿನೊಳಗೆ ಹತ್ತು ಇದೆ ಎಂಬುದು ಮಕ್ಕಳಿಗೆ ಬಾಯಿಪಾಠವಾಗಿಯೇ ಉಳಿಯುತ್ತದೆ.

ಶುರು ಮಾಡುವುದು 21ರಿಂದ. ‘ಇಪ್ಪತ್ತೊಂದು’ ಎಂದಾಗ ಇಪ್ಪತ್ತೂ ಕೇಳುತ್ತದೆ, ಒಂದೂ ಕೇಳುತ್ತದೆ. ‘ಹನ್ನೆರಡು’, ‘ಹದಿಮೂರು’ಗಳಲ್ಲಿ ಹತ್ತು ಅಡಗಿಕೊಂಡಿದೆ, 20, 30, 40ರ ಸಾಲು ಗಟ್ಟಿಯಾದ ಮೇಲೆ ಅಲ್ಲಿಗೆ ಹಿಂದಿರುಗಬೇಕು. ‘ಇಪ್ಪತ್ತಮೂರು’ ಎಂದರೆ 203 ಎಂದು ಬರೆಯುವವರು ಪ್ರತಿ ವರ್ಷವೂ ಇರುತ್ತಾರೆ. ಕೇಳಿದಂತೆಯೇ ಬರೆದಿದ್ದಾರೆ: ಮೊದಲು 20, ಆಮೇಲೆ 3. ಎಂಟು ಸೆಂಟಿಮೀಟರ್ ಅಗಲದ ಚೀಟಿಯಲ್ಲಿ 20, ನಾಲ್ಕು ಸೆಂಟಿಮೀಟರಿನದರಲ್ಲಿ 3 ಬರೆದು, 3ನ್ನು ಸೊನ್ನೆಯ ಮೇಲೆ ಇರಿಸಿದರೆ 23 ಕಾಣುತ್ತದೆ. ಚೀಟಿ ಎತ್ತಿದರೆ ಸೊನ್ನೆ ಅಲ್ಲೇ ಇದೆ. ಈ ಎತ್ತಿ ನೋಡುವುದನ್ನು ಮಕ್ಕಳು ಎಷ್ಟು ಸಲ ಬೇಕಾದರೂ ಮಾಡಲಿ. ಹತ್ತೊಂಬತ್ತು ಮತ್ತು ತೊಂಬತ್ತು ಕಿವಿಗೆ ಒಂದೇ ಥರ ಕೇಳುತ್ತವೆ. ಒಂದೇ ದಿನ ಒಂದು ಗುಂಪಿನಿಂದ ಒಂದನ್ನು, ಇನ್ನೊಂದು ಗುಂಪಿನಿಂದ ಮತ್ತೊಂದನ್ನು ಕಡ್ಡಿಯಲ್ಲಿ ಕಟ್ಟಿಸಿ ಪಕ್ಕಪಕ್ಕ ಇರಿಸಿ.

ಪರಿಸರ ಪಾಠದ ಹವಾಮಾನ ಪಟ್ಟಿ ಸಣ್ಣ ಕೆಲಸ. ದಿನಕ್ಕೆ ಒಂದೇ ಮನೆ ಇಟ್ಟರೆ ಜುಲೈ ಪೂರ್ತಿ ಮಳೆಯ ಚಿತ್ರವೇ ತುಂಬಿ ಮಕ್ಕಳಿಗೆ ಬೇಸರ ಬರುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಮನೆ ಮಾಡಿದರೆ ಬಿಸಿಲು, ಮೋಡವೂ ಸೇರಿಕೊಳ್ಳುತ್ತವೆ. ತಿಂಗಳ ಕೊನೆಗೆ ಮಳೆಯ ಮನೆಗಳನ್ನು ಹತ್ತರ ಕಟ್ಟು ಮಾಡಿ ಎಣಿಸಲು ಅದೇ ಕಡ್ಡಿಗಳು ಸಾಕು.